ಗುರುತು ಹಾಕದ ಗಾಜು

ನಮ್ಮ ಮನೆಯಲ್ಲಿ ಇಬ್ಬರು ಮಹಾಪಂಡಿತರಿದ್ದಾರೆ. ಒಬ್ಬರು ನನ್ನ ಗಂಡ, ಇನ್ನೊಬ್ಬ ಅವರ ತಮ್ಮ, ಅಂದರೆ ನನ್ನ ಮೈದುನ. ಇಬ್ಬರ ಕಸುಬೂ ದೂರದರ್ಶಕ ಮಾಡುವುದು. ಆಕಾಶದ ಯಾವುದೋ ಮೂಲೆಯಲ್ಲಿರುವ ಚುಕ್ಕಿಯನ್ನು ಹಿಡಿದು ತಂದು ಕಣ್ಣ ಮುಂದೆ ನಿಲ್ಲಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕೂತ ಒಡಹುಟ್ಟಿದವನು ಮಾತ್ರ ಇವರ ಕಣ್ಣಿಗೆ ಬೀಳುವುದಿಲ್ಲ.

ಮುಂದಿನ ಕೋಣೆ ಗಂಡನದು, ಅಲ್ಲಿ ಲೆನ್ಸ್. ಹಿಂದಿನ ಕೋಣೆ ಮೈದುನನದು, ಅಲ್ಲಿ ಕನ್ನಡಿ. ನಡುವೆ ಅಡುಗೆಮನೆ, ಅಲ್ಲಿ ನಾನು. ಗಾಜಿಗೆ ಕೊನೆಯ ಹೊಳಪು ಕೊಡುವಾಗ ಅದರ ಕೆಳಗೆ ರಾಳದ ಹಾಸು ಬೇಕು. ಲೆನ್ಸಾದರೂ ಅಷ್ಟೇ, ಕನ್ನಡಿಯಾದರೂ ಅಷ್ಟೇ. ಇಬ್ಬರಿಗೂ ಬೇಕಾದ ರಾಳವನ್ನು ನಾನು ಒಂದೇ ಪಾತ್ರೆಯಲ್ಲಿ ಕುದಿಸಿ ಕೊಡುತ್ತೇನೆ. ಉಜ್ಜುವ ಕೆಂಪು ಪುಡಿ ಒಂದೇ ಡಬ್ಬದ್ದು, ನೀರು ಒಂದೇ ನಲ್ಲಿಯದು. ತಾನು ಯಾರ ಕೋಣೆಗೆ ಹೋಗುತ್ತಿದ್ದೇನೆ ಎಂದು ರಾಳ ಒಂದು ದಿನವೂ ಕೇಳಿದ್ದಿಲ್ಲ. ಅದಕ್ಕಿರುವ ಬುದ್ಧಿ ಈ ಇಬ್ಬರಿಗಿಲ್ಲ.

ಜಗಳ ಶುರುವಾದದ್ದು ಮಾವ ತೀರಿಕೊಂಡ ಮೇಲೆ. ಮಾವ ಲೆನ್ಸಿನವರು. ಅವರ ಕಪಾಟಿನಲ್ಲಿ ಒಂದು ದಪ್ಪ ಗಾಜಿನ ಬಿಲ್ಲೆ ಇತ್ತು. ಊಟದ ತಟ್ಟೆಯಷ್ಟು ಅಗಲ, ಒಳಗೆ ಒಂದು ಗುಳ್ಳೆ ಇಲ್ಲ, ಒಂದು ಗೆರೆ ಇಲ್ಲ. ಮುಂದೆಂದಾದರೂ ದೊಡ್ಡ ಲೆನ್ಸ್ ಮಾಡುತ್ತೇನೆ ಎಂದು ಹಳೆಯ ಪಂಚೆಯಲ್ಲಿ ಸುತ್ತಿಟ್ಟವರು ಹಾಗೇ ಹೊರಟುಹೋದರು. ನನ್ನ ಗಂಡ ಅದನ್ನು ಮುಟ್ಟಲು ಹೆದರಿ, ವರ್ಷಗಟ್ಟಲೆ ಧೂಳು ಒರೆಸಿಕೊಂಡು ಕೂತರು. ಒಂದು ದಿನ ಮೈದುನ ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು ಹೋಗಿ, ಉಜ್ಜಿ ಉಜ್ಜಿ ನಡುವೆ ಹಳ್ಳ ಮಾಡಿ, ಮೇಲೆ ಬೆಳ್ಳಿ ಕೂರಿಸಿ ಕನ್ನಡಿ ಮಾಡಿಬಿಟ್ಟ.

"ಬೆಳಕು ದಾಟಿ ಹೋಗ್ಲಿ ಅಂತ ಅಪ್ಪ ಇಟ್ಟಿದ್ದ ಗಾಜು ಅದು," ಎಂದರು ಗಂಡ. "ಬೆಳ್ಳಿ ಬಳಿದು ಕುರುಡು ಮಾಡಿದಾನೆ. ಇನ್ನು ಅವನ ಹತ್ರ ನನಗೆ ಮಾತಿಲ್ಲ ಅಂತ ಹೇಳು ಅವನಿಗೆ."

ಅವನು ಎದುರಿಗೇ ನಿಂತಿದ್ದ. "ಕಪಾಟಲ್ಲೇ ಇದ್ದಿದ್ರೆ ಕಣ್ಣು ಬರ್ತಿತ್ತಾ ಅಂತ ಕೇಳಿ ಅತ್ತಿಗೆ," ಎಂದ.

ಅವತ್ತಿನಿಂದ ನಾನು ಈ ಮನೆಯ ಅಂಚೆಯವಳು. "ಒರಟು ಪುಡಿ ಮೆತ್ತಿದ ಕೈಯಲ್ಲಿ ನನ್ನ ಬಾಗಿಲು ಮುಟ್ಟಬೇಡ ಅಂತ ಹೇಳು." "ನಾನು ಒರಟು ಪುಡಿ ಬಿಟ್ಟು ವಾರ ಆಯ್ತು ಅಂತ ಹೇಳಿ ಅತ್ತಿಗೆ." ಇಬ್ಬರ ನಡುವೆ ಒಂದು ಕುರ್ಚಿಯಷ್ಟೇ ಅಂತರ. ನಾನು ಪಾತ್ರೆ ತೊಳೆಯುತ್ತಾ, "ಕೇಳಿಸ್ತಾ, ಇನ್ನೊಂದ್ಸಲ ಹೇಳ್ಲಾ?" ಎನ್ನುತ್ತಿದ್ದೆ. ಇಬ್ಬರೂ ಮುಖ ಗಂಟು ಹಾಕಿಕೊಂಡು ತಮ್ಮ ತಮ್ಮ ಕೋಣೆ ಸೇರುತ್ತಿದ್ದರು.

ವಾದವಂತೂ ನನಗೆ ಬಾಯಿಪಾಠ. ಗಂಡನದು ಹೀಗೆ: "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕೆ. ಹೊರಗೆ ನೋಡೋಕೆ ಕಿಟಕಿ ಇರುತ್ತೆ." ಕನ್ನಡಿಯ ಯಂತ್ರದಲ್ಲಿ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿರುತ್ತದೆ. ಅದು ಒಟ್ಟುಮಾಡಿ ಕಳಿಸಿದ ಬೆಳಕನ್ನು ಕಣ್ಣಿನ ಕಡೆ ತಿರುಗಿಸಲು ಕೊಳವೆಯ ಬಾಯಿ ಹತ್ತಿರ, ನಟ್ಟನಡುವೆ, ಒಂದು ಪುಟ್ಟ ಕನ್ನಡಿ ನಿಲ್ಲಿಸಬೇಕು. "ತನ್ನ ದಾರಿಗೆ ತಾನೇ ಅಡ್ಡ ನಿಲ್ಲೋ ಯಂತ್ರ. ಮಾಡಿದವನ ಹಾಗೇ." ಬೆಳ್ಳಿ ಮಾಸುತ್ತದೆ, ಗಾಡಿಯಲ್ಲಿ ಒಮ್ಮೆ ಕುಲುಕಿದರೆ ಜೋಡಣೆ ತಪ್ಪುತ್ತದೆ. ಲೆನ್ಸ್ ಹಾಗಲ್ಲ, ಕೂತರೆ ಕೂತ ಹಾಗೆ.

ಮೈದುನನದು ಹೀಗೆ: ಲೆನ್ಸಿಗೆ ಎರಡು ಗಾಜು, ನಾಲ್ಕು ಮುಖ ಉಜ್ಜಬೇಕು. ಕನ್ನಡಿಗೆ ಒಂದೇ ಮುಖ. ಲೆನ್ಸಿನಲ್ಲಿ ನೋಡಿದರೆ ಎಷ್ಟು ಸರಿಮಾಡಿದರೂ ಚಂದ್ರನ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಂಡಿರುತ್ತದೆ, ಕನ್ನಡಿ ಎಲ್ಲ ಬಣ್ಣವನ್ನೂ ಒಂದೇ ಕಡೆ ತರುತ್ತದೆ. ಲೆನ್ಸನ್ನು ಅಂಚಿನಲ್ಲಷ್ಟೇ ಹಿಡಿಯಬಹುದು, ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಕನ್ನಡಿಗೆ ಬೆನ್ನ ಹಿಂದೆ ಆಸರೆ ಕೊಡಬಹುದು. "ಬೆನ್ನಿಗೆ ಯಾರೂ ಇಲ್ಲದೆ ಅಂಚಲ್ಲಿ ನೇತಾಡೋ ಯಂತ್ರ. ಕಟ್ಟಿದವರ ಹಾಗೇ."

ಇಬ್ಬರು ಹೇಳುವುದೂ ನಿಜ, ಅದೇ ತೊಂದರೆ. ಸುಳ್ಳು ಹೇಳುವವನ ಬಾಯಿ ಮುಚ್ಚಿಸಬಹುದು. ಅರ್ಧ ನಿಜವನ್ನು ಬಿಗಿಯಾಗಿ ಹಿಡಿದು ಕೂತವನನ್ನು ಬ್ರಹ್ಮ ಬಂದರೂ ಅಲ್ಲಾಡಿಸಲಾಗದು. ಇಷ್ಟೆಲ್ಲ ಬೆಳಕಿನ ಮಾತಾಡುವ ಇಬ್ಬರಲ್ಲಿ ಒಬ್ಬನಿಗೂ ತಾನು ಕುಡಿದ ಕಾಫಿ ಲೋಟ ಮೇಜಿನ ಮೇಲೇ ಒಣಗುತ್ತಿರುವುದು ಕಂಡಿದ್ದಿಲ್ಲ.

ಹೀಗಿರುವಾಗ ಹುಡುಗಿಯರ ಶಾಲೆಯಿಂದ ದೊಡ್ಡ ಮೇಡಂ ಹೇಳಿಕಳಿಸಿದರು. ಶಾಲೆಯ ತಾರಸಿಗೆ ಒಂದು ದೂರದರ್ಶಕ ಬೇಕಂತೆ. ಅಣ್ಣತಮ್ಮಂದಿರು ಒಂದೊಂದು ತಂದು ತೋರಿಸಬೇಕು, ಚೆನ್ನಾಗಿ ಕಂಡದ್ದನ್ನು ಅವರು ಇಟ್ಟುಕೊಳ್ಳುತ್ತಾರೆ. ಅವತ್ತು ಮಧ್ಯಾಹ್ನ ಮೈದುನ ಅಡುಗೆಮನೆಗೆ ಬಂದು, ಒಲೆ ಪಕ್ಕ ಚಿಕ್ಕವನಿದ್ದಾಗ ಕೂರುತ್ತಿದ್ದ ಜಾಗದಲ್ಲೇ ಕೂತ.

"ಈ ಕೆಲಸಾನೂ ನಂಗೆ ಸಿಗಲಿಲ್ಲ ಅಂದ್ರೆ ನಾನು ಹೊರಡ್ತೀನಿ ಅತ್ತಿಗೆ. ದೂರದ ಊರಲ್ಲಿ ಕನ್ನಡಕದ ಫ್ಯಾಕ್ಟರಿಯೋರು ಕರೀತಿದಾರೆ."

"ಕನ್ನಡಕಕ್ಕೆ ಲೆನ್ಸ್ ಉಜ್ಜೋಕೆ ಹೋಗ್ತೀಯಾ? ನೀನಾ?"

"ಅಲ್ಲಿ ಲೆನ್ಸೇ ಆದ್ರೂ ನನ್ನ ಹತ್ರ ನೇರವಾಗಿ ಮಾತಾಡ್ತಾರೆ," ಎಂದ.

ನಾನು ಈ ಮನೆಗೆ ಬಂದಾಗ ಇವನಿಗೆ ಹಾಲುಹಲ್ಲು ಬೀಳುತ್ತಿತ್ತು. ಅತ್ತೆ ಇರಲಿಲ್ಲ. ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಎಲ್ಲ ನಾನೇ. ನನಗೆ ಮಕ್ಕಳಾಗಲಿಲ್ಲ. ಇರುವವನು ಇವನೊಬ್ಬ. ಇವನು ಟ್ರಂಕು ಹಿಡಿದು ಬಸ್ಸು ಹತ್ತುವುದನ್ನು ನೆನೆಸಿಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಗಂಡನ ಲೆನ್ಸ್ ಸೋಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ ಹೆಂಡತಿ ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು.

ತೋರಿಸುವ ದಿನ ಬೆಳಿಗ್ಗೆ ನಾನು ಮುಂದಿನ ಕೋಣೆ ಗುಡಿಸಿದೆ. ಕೊಳವೆ ಅಡ್ಡ ಇತ್ತು, ಎತ್ತಿ ಪಕ್ಕಕ್ಕಿಟ್ಟೆ. ಅಷ್ಟಕ್ಕೆ ಬಾಯಿ ಮುಚ್ಚಳ ಸ್ವಲ್ಪ ಓರೆಯಾಯಿತಂತೆ. ಗಂಡ ಬಂದು ನೋಡಿದವರೇ ಬೆಂಕಿಯಾದರು.

"ಅವನು ಕೈ ಹಾಕಿದಾನೆ."

"ನಾನ್ರೀ ಎತ್ತಿಟ್ಟಿದ್ದು. ಕಸ ಗುಡಿಸ್ತಿದ್ದೆ."

"ಅವನನ್ನ ಕಾಪಾಡೋಕೆ ನೋಡ್ಬೇಡ. ಲೆನ್ಸ್ ಬಿಚ್ಚಿ ನೋಡ್ತೀನಿ, ಏನು ಮಾಡಿದಾನೋ."

ಬಿಚ್ಚಿದರು. ಇವರ ಲೆನ್ಸಿನಲ್ಲಿ ಮುಂದಿನ ಗಾಜು ಎರಡೂ ಕಡೆ ಉಬ್ಬಿದ್ದು. ನೋಡಲು ಎರಡು ಉಬ್ಬೂ ಒಂದೇ ಸಮ, ಆದರೆ ಸಮ ಅಲ್ಲ. ಮತ್ತೆ ಕೂರಿಸುವಾಗ ಮಗುಚಿದರೆ ಕೆಲಸ ಕೆಟ್ಟಿತು. ಅದಕ್ಕೇ ಮಾವ ಗಾಜಿನ ಅಂಚಿನ ಮೇಲೆ ಪೆನ್ಸಿಲ್ಲಿನಿಂದ ಒಂದು ಬಾಣ ಎಳೆಯುತ್ತಿದ್ದರು, ಯಾವ ಮುಖ ಹೊರಗೆ ಎಂದು ತಿಳಿಯಲು. ಮೈದುನ ಇಂದಿಗೂ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡೇ ತಿರುಗುತ್ತಾನೆ. ನನ್ನ ಗಂಡನಿಗೆ ಅದು ಅವಮಾನ. "ಗುರುತು ಹಾಕ್ಕೊಳ್ಳೋದು ಮರೆವಿರೋರು," ಎನ್ನುತ್ತಾರೆ. ಪೇಟೆಗೆ ಹೋದರೆ ಛತ್ರಿ ಮರೆತು ಬರುವ ಮನುಷ್ಯ ಹೇಳುವ ಮಾತು ಇದು. ಒಳಗೆ ಏನೂ ಆಗಿರಲಿಲ್ಲ. ಸಿಟ್ಟಿನಲ್ಲಿ ಒರೆಸಿ, ಸಿಟ್ಟಿನಲ್ಲೇ ಕೂರಿಸಿ, ಬಿಗಿದರು. ಆಮೇಲೆ ಕನ್ನಡಕ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುತ್ತಾ ಹಿಂದಿನ ಕೋಣೆಯ ಬಾಗಿಲವರೆಗೂ ಹೋದರು.

ಅದನ್ನು ಮೈದುನ ನೋಡಿದ. ಅಷ್ಟು ಸಾಕಾಯಿತು.

"ನೋಡಿದ್ರಾ ಅತ್ತಿಗೆ? ನನ್ನ ಕನ್ನಡಿ ಅಲ್ಲಾಡಿಸೋಕೆ ಬಂದಿದ್ರು."

"ಕನ್ನಡಕ ಹುಡುಕ್ತಿದ್ರು ಕಣೋ. ಅವರ ತಲೆ ಮೇಲೇ ಇತ್ತು."

"ನೀವು ಅವರ ಕಡೆ," ಎಂದವನೇ ತಿರುಪುಳಿ ತಗೊಂಡು, ಮಾವನ ಗಾಜಿನ ಆ ಕನ್ನಡಿಯನ್ನು ಹಿಡಿದುಕೊಂಡಿರುವ ಮೂರು ಹಿಡಿಕೆಗಳನ್ನು ಕತ್ತು ಹಿಸುಕಿದ ಹಾಗೆ ಬಿಗಿದ. ಯಾರು ಕುಲುಕಿದರೂ ಇನ್ನು ಅಲ್ಲಾಡಬಾರದಂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ನನ್ನ ಗಾಡಿಗೆ ಎರಡೂ ಕೋಣವೇ.

ಸಂಜೆ ಶಾಲೆಯ ತಾರಸಿ. ಬಿಸಿಲು ಇಳಿದಿತ್ತು, ಅರ್ಧ ಚಂದ್ರ ಇತ್ತು, ಒಂದು ದೊಡ್ಡ ನಕ್ಷತ್ರ ಆಗಲೇ ಮೂಡಿತ್ತು. ಹುಡುಗಿಯರು ಸಾಲಾಗಿ ನಿಂತಿದ್ದರು. ಸೈನ್ಸ್ ಮೇಷ್ಟ್ರು ಕೈಕಟ್ಟಿಕೊಂಡು ಎಲ್ಲ ಗೊತ್ತಿರುವವರ ಹಾಗೆ ತಲೆಯಾಡಿಸುತ್ತಿದ್ದರು. ದೊಡ್ಡ ಮೇಡಂ ಮೊದಲು ಲೆನ್ಸಿಗೆ ಕಣ್ಣಿಟ್ಟರು, ತೆಗೆದರು, ತಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು.

"ಚಂದ್ರ ಹಾಲಲ್ಲಿ ಬಿದ್ದ ಹಾಗಿದೆಯಲ್ಲ," ಎಂದರು. "ಒಂದು ಗುಂಡಿಯೂ ಸ್ಪಷ್ಟ ಇಲ್ಲ."

ಗಂಡ ತಿರುಗಿಸಿದರು, ಎಳೆದರು, ಒತ್ತಿದರು. ಏನು ಮಾಡಿದರೂ ಅದೇ ಹಾಲು. ನಾನು ಒಳಗೊಳಗೇ ಹಿಗ್ಗಿದೆ. ಮುಂದೆ ಮೈದುನನ ಸರದಿ. ಮೇಡಂ ಕನ್ನಡಿಯ ಯಂತ್ರದಲ್ಲಿ ಆ ದೊಡ್ಡ ನಕ್ಷತ್ರ ನೋಡಿದರು. ಪಕ್ಕದಲ್ಲಿದ್ದ ಹುಡುಗಿಯನ್ನೂ ಕರೆದು ತೋರಿಸಿದರು.

"ಮೂರು ಮೂಲೆ ಇದೆ ಮಿಸ್," ಎಂದಳು ಅವಳು. "ಸಮೋಸಾ ಹಾಗಿದೆ."

ಹುಡುಗಿಯರೆಲ್ಲ ನಕ್ಕರು. ಮೂರು ಕಡೆ ಹಿಸುಕಿದರೆ ಗಾಜು ಬಾಗುತ್ತದೆ, ಬಾಗಿದ ಕನ್ನಡಿ ದುಂಡು ನಕ್ಷತ್ರವನ್ನು ಮೂರು ಮೂಲೆ ಮಾಡುತ್ತದೆ. ಮೈದುನನ ಮುಖ ಸುಣ್ಣವಾಯಿತು. ನನ್ನ ಹಿಗ್ಗು ಅಲ್ಲೇ ಇಳಿಯಿತು. ದೊಡ್ಡ ಮೇಡಂ ಬಹಳ ವಿನಯದಿಂದ, ಬಯ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ, "ಶ್ರಮ ಪಟ್ಟಿದ್ದೀರಿ. ನಾವು ಫ್ಯಾಕ್ಟರಿಯದ್ದೇ ತರಿಸಿಕೊಳ್ತೀವಿ," ಎಂದರು.

ದಾರಿಯುದ್ದಕ್ಕೂ ನನ್ನ ಎಡಕಿವಿಗೆ, "ನನ್ನ ಲೆನ್ಸ್ ಕೆಡಿಸಿದ್ದು ಯಾಕೆ ಅಂತ ಕೇಳು." ಬಲಕಿವಿಗೆ, "ನನ್ನ ಹಿಡಿಕೆ ಮುಟ್ಟಿದ್ದು ಯಾಕೆ ಅಂತ ಕೇಳಿ." ಮನೆಗೆ ಬಂದು ಇಬ್ಬರೂ ತಮ್ಮ ತಮ್ಮ ಬಾಗಿಲು ಹಾಕಿಕೊಂಡು ಯಂತ್ರ ಬಿಚ್ಚಿದರು. ಕಾಫಿ ಕೊಡಲು ಹೋದಾಗ ಕಂಡೆ. ಗಂಡ ಮುಂದಿನ ಗಾಜನ್ನು ಮಗುಚಿ ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದರು. ಮೈದುನ ಹಿಡಿಕೆಯ ತಿರುಪನ್ನು ಬೆರಳಿಂದ ಸವರುತ್ತಾ ಕೂತಿದ್ದ. ಯಾರ ತಪ್ಪು ಎಂದು ಇಬ್ಬರಿಗೂ ತಿಳಿದಿತ್ತು. ಬಾಯಿಬಿಟ್ಟು ಹೇಳಿದರೆ ಕಿರೀಟ ಜಾರುತ್ತಿತ್ತೇನೋ, ಇಬ್ಬರೂ ಹೇಳಲಿಲ್ಲ. ಮೈದುನ ಕನ್ನಡಕದ ಫ್ಯಾಕ್ಟರಿಯವರಿಗೆ ಬರುತ್ತೇನೆಂದು ಹೇಳಿಕಳಿಸಿದ.

ಶಾಲೆಗೆ ಫ್ಯಾಕ್ಟರಿಯ ಯಂತ್ರ ಬಂತು. ಬೀದಿಯವರೆಲ್ಲ ನೋಡಿ ಬಂದರು, ನಾನೂ ಹೋದೆ. ಗಿಡ್ಡ, ದಪ್ಪ ಡಬ್ಬ. ಮುಂದೆ ಬೆಳಕನ್ನು ತಿದ್ದಿ ಒಳಗೆ ಬಿಡುವ ಒಂದು ತೆಳು ಗಾಜು, ಅದು ಲೆನ್ಸಿನ ಜಾತಿ. ಹಿಂದೆ ಕನ್ನಡಿ. ಎರಡೂ ಒಂದೇ ಡಬ್ಬದಲ್ಲಿ, ಅಂಚೆಯವಳಿಲ್ಲದೆ ಸಂಸಾರ ಮಾಡಿಕೊಂಡಿದ್ದವು. ಮನೆಗೆ ಬಂದು ಹೇಳಿದೆ. "ಕತ್ತೆಯೂ ಅಲ್ಲ ಕುದುರೆಯೂ ಅಲ್ಲ," ಎಂದರು ಗಂಡ. "ಅಂಥದ್ದನ್ನ ಯಂತ್ರ ಅಂತಾರಾ?" ಎಂದ ಮೈದುನ. ವರ್ಷಗಳ ಮೇಲೆ ಇಬ್ಬರೂ ಒಂದು ಮಾತು ಒಪ್ಪಿದ್ದರು. ಒಪ್ಪಿದ್ದೇವೆಂದು ತಿಳಿದು ಇಬ್ಬರಿಗೂ ಮುಜುಗರವಾಗಿ ಎದ್ದುಹೋದರು.

ಹೊರಡುವ ಹಿಂದಿನ ದಿನ ಮೈದುನ ಟ್ರಂಕು ಕಟ್ಟಿ ಹಜಾರದಲ್ಲಿಟ್ಟ. ಮಾವನ ಗಾಜಿನಿಂದ ಮಾಡಿದ ಆ ಕನ್ನಡಿಯನ್ನು ಮಾತ್ರ ಅದೇ ಹಳೇ ಪಂಚೆಯಲ್ಲಿ ಸುತ್ತಿ ಕಪಾಟಿಗೆ ವಾಪಸ್ ಇಟ್ಟ. "ಅಪ್ಪಂದು. ಅಣ್ಣನ ಹತ್ರಾನೇ ಇರ್ಲಿ," ಎಂದ. ನಾನು ಒಳಗೆ ಹೋಗಿ ಒಲೆಯ ಮುಂದೆ ಅತ್ತುಬಿಟ್ಟೆ. ಹೊಗೆ ಎಂದರೆ ಯಾರೂ ಕೇಳುವುದಿಲ್ಲ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಸೈನ್ಸ್ ಮೇಷ್ಟ್ರು, ಕಂಕುಳಲ್ಲಿ ಆ ದಪ್ಪ ಡಬ್ಬ. ಎಲ್ಲ ಬಲ್ಲ ಮಹಾಶಯರು ಒಳಗೆ ಧೂಳು ಕಂಡಿತೆಂದು ಮುಂದಿನ ಗಾಜು ಬಿಚ್ಚಿ, ಕರವಸ್ತ್ರದಲ್ಲಿ ಒರೆಸಿ, ಹೇಗೋ ಮತ್ತೆ ಕೂರಿಸಿದ್ದರು.

"ಮೊದಲಿನ ಹಾಗೆ ಕಾಣ್ತಿಲ್ಲ," ಎಂದರು. "ಫ್ಯಾಕ್ಟರಿಗೆ ಕಳಿಸಿದ್ರೆ ವಾಪಸ್ ಬರೋ ಹೊತ್ತಿಗೆ ವರ್ಷ ಮುಗಿಯುತ್ತೆ. ದೊಡ್ಡ ಮೇಡಂಗೆ ಇನ್ನೂ ಗೊತ್ತಿಲ್ಲ."

ಗಂಡ ಗಾಜು ಮುಟ್ಟಿ ನೋಡಿದರು. ಆ ತೆಳು ಗಾಜು ಹಿಂದಿನ ಕನ್ನಡಿಗೆ ಜೊತೆಮಾಡಿ ಕೂರಿಸಿದ್ದು. ಮೊದಲು ಯಾವ ಕಡೆ ತಿರುಗಿತ್ತೋ ಹಾಗೇ ಕೂರಬೇಕು, ಗುರುತು ಎಲ್ಲೂ ಇಲ್ಲ. ಒಬ್ಬರು ಮುಂದೆ ನಿಂತು ಸ್ವಲ್ಪ ಸ್ವಲ್ಪ ತಿರುಗಿಸಬೇಕು, ಇನ್ನೊಬ್ಬರು ಹಿಂದಿನಿಂದ ಕಣ್ಣಿಟ್ಟು ಸರಿಯೋ ತಪ್ಪೋ ಹೇಳಬೇಕು.

"ಹಿಂದೆ ಅವನು ನೋಡ್ಲಿ ಅಂತ ಹೇಳು," ಎಂದರು ಗಂಡ.

"ಮುಂದೆ ಅವರು ತಿರುಗಿಸ್ಲಿ ಅಂತ ಹೇಳಿ," ಎಂದ ಮೈದುನ.

ನನಗೆ ರೇಗಿತು. "ನನ್ನ ಬಾಯಿಗೆ ಇವತ್ತಿಂದ ರಜೆ," ಎಂದೆ. "ಬೇಕಾದ್ರೆ ಮಾತಾಡ್ಕೊಳ್ಳಿ, ಬೇಡದಿದ್ರೆ ಡಬ್ಬ ಮೇಷ್ಟ್ರಿಗೆ ವಾಪಸ್ ಕೊಡಿ. ಗುಂಡು ನಾನು ಇಟ್ಟು ಬರ್ತೀನಿ."

ಗುಂಡು ಎಂದರೆ ಸೈಕಲ್ ಅಂಗಡಿಯ ಉಕ್ಕಿನ ಗುಂಡು. ದೂರದಲ್ಲಿ ಬಿಸಿಲಿಗಿಟ್ಟರೆ ಥೇಟ್ ನಕ್ಷತ್ರದ ಹಾಗೆ ಒಂದು ಚುಕ್ಕಿ ಹೊಳೆಯುತ್ತದೆ. ಹಗಲಲ್ಲಿ ಪರೀಕ್ಷೆ ಮಾಡಲು ಮಾವ ಕಂಡುಕೊಂಡಿದ್ದ ಉಪಾಯ. ನಾನು ಅದನ್ನು ಬೀದಿಯ ಕೊನೆಗಿರುವ ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟೆ. ಇಟ್ಟು ಬರುವ ಬದಲು ಅಲ್ಲೇ ಪಕ್ಕದಲ್ಲಿ ಕೂತೆ. ಕಾಗೆ ಹೊತ್ತುಕೊಂಡು ಹೋದೀತು ಎನ್ನುವುದು ನೆಪ. ಕೂಗಿದರೂ ಕೇಳಿಸದಷ್ಟು ದೂರ ಬೇಕಾಗಿತ್ತು ನನಗೆ.

ಅಲ್ಲಿಂದ ಮನೆಯ ಮುಂದಿನ ಜಗಲಿ ಕಾಣುತ್ತಿತ್ತು. ಮೊದಲು ಮೈದುನ ಕೈ ಆಡಿಸಿದ. ಗಂಡ ಕೈ ಆಡಿಸಿದರು. ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬರು ಬಲಕ್ಕೆ ತಿರುಗಿಸಿ, ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಜಾಣರು, ಗೋಡೆ ನೋಡಿದರು. ಮತ್ತೆ ಕೈ, ಮತ್ತೆ ತಲೆ, ಎರಡು ಕೋತಿಗಳ ಸಂಸಾರ. ಬಿಸಿಲು ನನ್ನ ನೆತ್ತಿ ಸುಡುತ್ತಿತ್ತು, ಆದರೂ ನಾನು ಏಳಲಿಲ್ಲ. ಕೊನೆಗೆ ಮೈದುನನ ಬಾಯಿ ತೆರೆಯಿತು. ಗಂಡನ ಬಾಯಿಯೂ ತೆರೆಯಿತು. ನಾನು ಗುಂಡನ್ನು ಅಲ್ಲೇ ಬಿಟ್ಟು, ಓಡುವುದೊಂದು ಬಾಕಿ, ಮನೆಗೆ ಬಂದೆ.

"ಇನ್ನೊಂಚೂರು," ಎನ್ನುತ್ತಿದ್ದ ಮೈದುನ. "ಸಾಕು, ಜಾಸ್ತಿ ಆಯ್ತು. ಹಿಂದಕ್ಕೆ ಬಾ ಅಣ್ಣ."

"ಈಗ?"

"ಹ್ಞಾಂ. ದುಂಡಗಿದೆ. ಅಲ್ಲೇ ಹಿಡ್ಕೋ."

ಗಂಡ ಎರಡೂ ಕೈಯಲ್ಲಿ ಗಾಜನ್ನು ಒತ್ತಿಕೊಂಡು ನಿಂತರು. ಕಣ್ಣು ತಮ್ಮನ ಕಿವಿಯ ಮೇಲಿದ್ದ ಪೆನ್ಸಿಲ್ಲಿಗೆ ಹೋಯಿತು.

"ಗುರುತು ಹಾಕು," ಎಂದರು.

ಮೈದುನ ಅಭ್ಯಾಸಬಲದಿಂದ ನನ್ನ ಮುಖ ನೋಡಿದ. ನಾನು ಟ್ಯಾಂಕಿನ ಕಡೆ ತಿರುಗಿದೆ.

"ಹಾಕೋ. ನಂಗೆ ಮರೆವು. ಅವತ್ತು ಗಾಜು ಮಗುಚಿ ಕೂರಿಸಿದ್ದು ನಾನೇ."

ಮೈದುನ ಪೆನ್ಸಿಲ್ ತೆಗೆದು ಅಂಚಿನ ಮೇಲೆ ಒಂದು ಬಾಣ ಎಳೆದ. ಗೆರೆ ನೆಟ್ಟಗೆ ಬರಲಿಲ್ಲ. "ಹಿಡಿಕೆ ಬಿಗಿ ಮಾಡಿದ್ದು ನಾನೇ," ಎಂದ. "ನೀನು ಬಂದು ಅಲ್ಲಾಡಿಸ್ತೀಯ ಅಂತ."

"ಕನ್ನಡಕ ಹುಡುಕ್ತಿದ್ದೆ ಕಣೋ."

"ಅತ್ತಿಗೆ ಹೇಳಿದ್ರು."

"ನಂಗೂ ಹೇಳಿದ್ಳು, ಗುಡಿಸ್ತಿದ್ದೆ ಅಂತ."

ನಾನು ಹೇಳಿದ್ದು ನಿಜವಂತೆ. ಇದು ತಿಳಿಯಲು ಇಬ್ಬರು ವಿದ್ವಾಂಸರಿಗೆ ಒಂದು ಫ್ಯಾಕ್ಟರಿ ಡಬ್ಬ, ಒಬ್ಬ ದಡ್ಡ ಮೇಷ್ಟ್ರು ಬೇಕಾಯಿತು.

ಮೇಷ್ಟ್ರನ್ನು ಕಳಿಸಿ ಒಳಗೆ ಬರುವಾಗ ಗಂಡ ಹಜಾರದಲ್ಲಿ ಟ್ರಂಕನ್ನು ಎಡವಿದರು. "ದಾರಿಯಲ್ಲಿ ಯಾಕಿದೆ ಇದು," ಎಂದರು ತಮ್ಮನಿಗೆ, ನೇರವಾಗಿ. "ಒಳಗಿಡು. ಆಮೇಲೆ ಕಪಾಟಿಂದ ಅಪ್ಪನ ಗಾಜು ತೆಗಿ. ಯಂತ್ರಕ್ಕೆ ಕೂರಿಸಿ ಹಿಡಿಕೆ ಸಡಿಲ ಬಿಡು, ಬಿಸಿಲು ಇಳಿಯೋ ಮುಂಚೆ ಆ ಗುಂಡನ್ನೇ ಒಂದ್ಸಲ ನೋಡೋಣ."

ಮೈದುನ ಕಪಾಟಿನ ಕಡೆ ಓಡಿದ. ಟ್ರಂಕನ್ನು ಒಳಗೆ ಎಳೆದದ್ದು ನಾನು. ಮನಸ್ಸು ಬದಲಾಯಿಸುವ ಮೊದಲು ಅಂಗಿಗಳನ್ನೆಲ್ಲ ತೆಗೆದು, ತೊಳೆದವನ್ನೂ ಸೇರಿಸಿ, ನೀರಿನ ಬಕೆಟ್ಟಿಗೆ ಹಾಕಿಬಿಟ್ಟೆ. ಹೊರಗೆ ಜಗಲಿಯಲ್ಲಿ ಗಂಡ ತಮ್ಮನ ಕನ್ನಡಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತಿದ್ದರು.

"ಪರವಾಗಿಲ್ಲ," ಎಂದರು ಕೊನೆಗೆ. "ನಡುವೆ ಅಡ್ಡ ಇದೆ, ಅದೊಂದೇ."

"ಬಣ್ಣ ಎಲ್ಲಾದ್ರೂ ಕಾಣ್ತಾ?"

"ಇಲ್ಲ," ಎಂದು ಒಪ್ಪಿಕೊಂಡು, ಕಣ್ಣು ತೆಗೆಯದೆ, "ಲೇ, ಇಬ್ಬರಿಗೂ ಕಾಫಿ ತಾ," ಎಂದು ಕೂಗಿದರು. ಲೋಟ ತೊಳೆದಿಲ್ಲ, ನೀವೇ ತೊಳ್ಕೊಂಡು ಬನ್ನಿ ಅಂದೆ.